ಹತ್ತಾಳಿನ ಮಷಿನ್ನೂ ನನ್ನೊಬ್ಬನ ಮಾನವೂ

ಮಷಿನ್ ಮಾರಲು ಹೊರಟವನ ಮಾನ ಯಾವ ಊರಿನಲ್ಲಿ, ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ ನಾನು ದಾವಣಗೆರೆಯ ಒಂದು ಅಂಗಡಿಯ ಪರವಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸುತ್ತುತ್ತಿದ್ದೆ. ನನ್ನದು ಎಲ್ಲ ಕಡೆಯೂ ಹೋಗಿದೆ. "ಹತ್ತಾಳಿನ ಕೆಲಸ, ಒಂದೇ ಮಷಿನ್!" ಅನ್ನುವುದು ನನ್ನ ಬಾಯಿಪಾಠ. ಎಂಬತ್ತರ ದಶಕದ ಒಂದು ವರ್ಷ ವ್ಯಾಪಾರ ಪೂರಾ ಬಿದ್ದುಹೋಯಿತು. ಅಂಗಡಿ ಸಾಹುಕಾರರು ಕರೆದು, "ಈ ಸುಗ್ಗಿ ಮುಗಿಯೋದ್ರೊಳಗೆ ನೀನು ಕೆಲಸಗಾರ ಅಂತ ನನಗೆ ಕಾಣ್ಬೇಕು. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋ" ಅಂದರು. ಮನೆಯಲ್ಲಿ ಹೆಂಡತಿ, ಎರಡು ಕೂಸು. ಬಸ್ಸಿನ ಮೇಲೆ ಮಷಿನ್ ಹೇರಿ ಹೊರಟೆ.

೧. ಸುಲಿಯುವ ಮಷಿನ್

ಮೊದಲು ಸಂತೇಬೆನ್ನೂರಿನ ಅಡಿಕೆ ಬೆಳೆಗಾರರೊಬ್ಬರ ಅಂಗಳ. ಅಡಿಕೆ ಸುಲಿಯುವ ಹೆಂಗಸರು ಕತ್ತಿ ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದರು. ನಾನು ಮಷಿನ್ ಇಳಿಸುತ್ತಿದ್ದಂತೆ ಅವರೆಲ್ಲ ಕೆಲಸ ಬಿಟ್ಟು ನನ್ನ ಕಡೆ ತಿರುಗಿದರು. ಹೊಟ್ಟೆಯ ಮೇಲೆ ಹೊಡೆಯಲು ಬಂದವನನ್ನು ನೋಡುವ ಹಾಗೆ ನೋಡಿದರು. ನನಗೆ ತಲೆ ಎತ್ತಲಾಗಲಿಲ್ಲ. ಬೇಗ ತೋರಿಸಿ ಹೊರಟುಬಿಡೋಣವೆಂದು ಎಂಜಿನ್ ಚಾಲೂ ಮಾಡುವ ಹಿಡಿ ತಿರುಗಿಸಿದೆ.

ಸಿಪ್ಪೆ ವಿಧೇಯವಾಗಿ ಕೆಳಗೆ ಬಿತ್ತು. ಅಡಿಕೆ ಮಾತ್ರ ಹಾರಿತು. ಹೆಂಚಿನ ಮೇಲೆ, ಬಾವಿಯೊಳಗೆ, ದನದ ಬಾನಿಯೊಳಗೆ, ಜಗಲಿಯಲ್ಲಿ ಕೂತಿದ್ದ ಯಜಮಾನರ ಮಾವನ ಪಂಚೆಯೊಳಗೆ. ನಿಲ್ಲಿಸೋಣವೆಂದರೆ ಹಿಡಿ ನನ್ನ ಕೈಯಲ್ಲೇ ಕಿತ್ತು ಬಂದಿತ್ತು.

ಅವತ್ತು ಹೆಂಗಸರೆಲ್ಲ ಸುಲಿಯುವುದು ಬಿಟ್ಟು ಹೊತ್ತು ಮುಳುಗುವವರೆಗೆ ಅಡಿಕೆ ಆರಿಸಿದರು. ಸಾಲದೆ ಪಕ್ಕದ ಕೇರಿಯಿಂದಲೂ ಆಳು ಕರೆಸಬೇಕಾಯಿತು. ನಾನು ಮಷಿನ್ ಕಟ್ಟಿಕೊಂಡು ಹೊರಟಾಗ ಅವರಲ್ಲೊಬ್ಬಳು ಹಿಂದೆಯೇ ಓಡಿ ಬಂದಳು. "ಸರ, ನಾಳೆನೂ ತರ್ರಿ ಇದನ್ನ. ಇದು ಬಂದ್ರೆ ನಮ್ಮ ಕೇರಿಗೆಲ್ಲ ಕೆಲಸ ಸಿಗ್ತೈತೆ!"

೨. ರಜೆ

ನ್ಯಾಮತಿಯದು ಎರಡೇ ಮಾತಿನ ಕಥೆ. ಅಲ್ಲಿನ ಹೋಟೆಲಿನಲ್ಲಿ ಹಿಟ್ಟು ರುಬ್ಬುವವನು ಜ್ವರವೆಂದು ಮಲಗಿದ್ದ. ಮಾಲೀಕರು ಸಿಡಿಮಿಡಿಗುಟ್ಟುತ್ತಿದ್ದರು. ಇದೇ ಸಮಯವೆಂದು ಕರೆಂಟಿನ ರುಬ್ಬುಗಲ್ಲು ಹಚ್ಚಿದೆ. "ನೋಡ್ರಿ, ಇದಕ್ಕೆ ಜ್ವರ ಇಲ್ಲ, ಮದುವೆ ಇಲ್ಲ, ತಿಥಿ ಇಲ್ಲ. ಒಂದು ದಿನ ರಜ ಕೇಳಲ್ಲ" ಅಂದೆ. ಅನ್ನುತ್ತಿದ್ದಂತೆ ಕರೆಂಟು ಹೋಯಿತು. ಸಂಜೆಯಾದರೂ ಬರಲಿಲ್ಲ.

ಮಾಲೀಕರು ಅರ್ಧ ನುರಿದ ಅಕ್ಕಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಅವನು ಕೇಳಿಯಾದ್ರೂ ಹೋಗ್ತಿದ್ನಲ್ರೀ!"

೩. ಮಷಿನ್ನಿನ ಊಟ

ಜಗಳೂರಿನ ಕಡೆ ಒಬ್ಬ ರೈತರು ಜೋಳ ಒಕ್ಕುವ ಮಷಿನ್ ಕೊಂಡರು. ದೇವರೇ, ಒಂದಾದರೂ ಹೋಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ವಾರ ಕಳೆಯುವುದರೊಳಗೆ ಬಾ ಎಂದು ಹೇಳಿಕಳಿಸಿದರು. ಹೋದರೆ ಕಟ್ಟೆಯ ಮೇಲೆ ಪಂಚಾಯಿತಿ ಸೇರಿತ್ತು.

ಆ ಊರಲ್ಲಿ ಮುಯ್ಯಾಳಿನ ಪದ್ಧತಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಕರೆದವರ ಮನೆಯಲ್ಲಿ ಊಟ. ಬಿತ್ತನೆಗೆಲ್ಲ ನೆರೆಯವರು ಬಂದು ದುಡಿದಿದ್ದರು. ಈ ರೈತರು ಈಗ, "ನನ್ನ ಬದಲು ಮಷಿನ್ ಬರುತ್ತೆ" ಅಂದಿದ್ದರು. ನೆರೆಯವರು ಒಪ್ಪಿದರು. ಆದರೆ ಡೀಸೆಲ್ ಯಾರದು?

"ಮುಯ್ಯಾಳಿಗೆ ಊಟ ಹಾಕೋದು ನಮ್ಮ ಧರ್ಮ" ಅಂದರು ನೆರೆಯವರು. "ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಡೀಸೆಲ್ ನಮ್ಮ ಅಜ್ಜನ ಕಾಲದಾಗೂ ಯಾರಿಗೂ ಬಡಿಸಿಲ್ಲ."

ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಇದು ಹತ್ತಾಳಿನ ಕೆಲಸ ಮಾಡುತ್ತೆ ಅಂದೋರು ನೀವೇ ಅಲ್ಲೇನ್ರೀ?"

"ಹೌದ್ರೀ" ಅಂದೆ.

"ಹಂಗಾದ್ರೆ ಸರಿ. ಡೀಸೆಲ್ ನೀವು ಹಾಕ್ರಿ. ಅದರ ಊಟ ನೀವು ಮಾಡ್ರಿ."

ನೆರೆಯವರ ಕಣದ ಪಕ್ಕದಲ್ಲೇ ಎಲೆ ಹಾಸಿ ಕೂರಿಸಿದರು. ಅತ್ತ ಮಷಿನ್ ಒಕ್ಕುತ್ತಿತ್ತು, ಇತ್ತ ನಾನು ತಿನ್ನುತ್ತಿದ್ದೆ. ನಾಲ್ಕನೇ ರೊಟ್ಟಿಗೆ ಕೈಮುಗಿದೆ. ಬಡಿಸುತ್ತಿದ್ದ ಅಜ್ಜಿ ಮರುಗಿ ಹೇಳಿದಳು: "ಇನ್ನೂ ಒಬ್ಬಾಳಿಂದೇ ಮುಗಿದಿಲ್ಲ ಕಣಪ್ಪ!"

೪. ಕೈ ಬೀಸುವವನು

ಸುಗ್ಗಿ ಮುಗಿಯುತ್ತ ಬಂತು. ಅಷ್ಟರಲ್ಲಿ ಅಂಗಡಿಗೆ ಒಂದು ಹೊಸ ಮಾಲು ಬಂತು: ಆಳೆತ್ತರದ ತಗಡಿನ ಬೊಂಬೆ. ಬ್ಯಾಟರಿ ಹಾಕಿದರೆ ಬಲಗೈ ಮೇಲೆ ಕೆಳಗೆ ಆಡಿಸಿ ಹಕ್ಕಿ ಓಡಿಸುತ್ತದೆ. "ಮುಂದಿನ ಕಾಲದಾಗೆ ಮನುಷ್ಯರ ಆಕಾರದ ಇಂಥವೇ ಎಲ್ಲಾ ಕೆಲಸ ಮಾಡ್ತವೆ. ನಿನ್ನ ಕೆಲಸಾನೂ" ಅಂದರು ಸಾಹುಕಾರರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸೂಳೆಕೆರೆಯ ಹತ್ತಿರ, ಬಸ್ಸಿನ ದಾರಿಗೆ ಅಂಟಿದ ಗದ್ದೆಯೊಂದರಲ್ಲಿ ಬೊಂಬೆ ನಿಲ್ಲಿಸಿದೆ. ಗದ್ದೆಯ ಯಜಮಾನರು ಮುಖ ಸಿಂಡರಿಸಿದರು. "ಹೆಣ್ಮಕ್ಕಳು ಓಡಾಡೋ ದಾರಿ. ಹಿಂಗೆ ಬೆತ್ತಲೆ ನಿಲ್ಲಿಸ್ಬ್ಯಾಡ್ರಿ." ಬೇರೆ ಬಟ್ಟೆ ಎಲ್ಲಿಂದ ತರಲಿ? ನನ್ನ ಕೆಂಪು ಗೆರೆಯ ಅಂಗಿ, ಪ್ಯಾಂಟು, ತಲೆಯ ಟೋಪಿ ಬಿಚ್ಚಿ ಅದಕ್ಕೆ ತೊಡಿಸಿದೆ. ಅವರು ಕೊಟ್ಟ ಹರಿದ ಲುಂಗಿ ಸುತ್ತಿಕೊಂಡೆ. ಆ ಅವತಾರದಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಹೊಂಗೆ ಮರದ ಹಿಂದೆ ಮಲಗಿದವನಿಗೆ ಗಾಢ ನಿದ್ದೆ ಬಂತು.

ಎದ್ದು ನೋಡಿದರೆ ಬೊಂಬೆಯ ಬ್ಯಾಟರಿ ಮುಗಿದಿತ್ತು, ಟೋಪಿಯ ಮೇಲೆ ಹಕ್ಕಿ ಕೂತಿತ್ತು. ಯಜಮಾನರು ಬೇಡವೆಂದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಮರುದಿನ ಅಂಗಡಿಗೆ ಹೋದೆ. ಸಾಹುಕಾರರು ಎದ್ದು ನಿಂತು ಬೆನ್ನು ತಟ್ಟಿದರು. "ನಿನ್ನೆ ಬಸ್ಸಿನಾಗಿಂದ ನಿನ್ನ ನೋಡ್ದೆ ಕಣಯ್ಯ. ಉರಿಬಿಸಿಲಾಗೆ, ನೆಟ್ಟಗೆ ನಿಂತು, ಒಂದು ಗಳಿಗೆ ಕೂರದಂಗೆ ದುಡೀತಿದ್ದೆ. ನಿನ್ನ ಕೆಲಸ ಖಾಯಂ!"

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಎರಡು ಕೂಸು ಕಣ್ಣ ಮುಂದೆ ಬಂದವು. ತಗಡಿನ ಬೊಂಬೆ ದುಡಿದು ತಂದ ಕೆಲಸವನ್ನು ಕೈಕಟ್ಟಿ ನಿಂತು ತೆಗೆದುಕೊಂಡೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸಾಹುಕಾರರ ಕಣ್ಣು ತುಂಬಿತ್ತು. "ನಾನು ಕಿಟಕಿಯಾಗಿಂದ ಕೈ ಬೀಸಿದ್ದಕ್ಕೆ, ಬಸ್ಸು ಮರೆಯಾಗೋ ತನಕ ತಿರುಗಿ ಬೀಸ್ತಾನೇ ಇದ್ದೆಯಲ್ಲ! ಹೆತ್ತ ಮಗನೂ ನನಗೆ ಅಷ್ಟೊತ್ತು ಕೈ ಬೀಸಿಲ್ಲ ಕಣಯ್ಯ!"