ಗುಡ್ಡಮ್ಮನ ಪುಟ ತೆರೆಯಲು ತಗಲುವ ಸಮಯ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಸಂತೃಪ್ತರಲ್ಲದ ಪ್ರಜೆ ಒಬ್ಬರೂ ಉಳಿದಿಲ್ಲ. ಸರ್ಕಾರದ ಜನಸಂತೃಪ್ತಿ ಕೋಶದ ಜಾಲತಾಣದ ಮೊದಲ ಪುಟದಲ್ಲೇ ಹೀಗೆಂದು ಬರೆದಿದೆ. ಕೆಳಗೆ ಸಾಕ್ಷಿಗೆ ಒಂದು ಫೋಟೋ ಇತ್ತು. ಅದರಲ್ಲಿ ತಾಳಗುಂದದ ಗುಡ್ಡಮ್ಮ ಮಳೆಗೆ ಹೊದಿಸಲು ಕೋಶ ಕೊಟ್ಟ ನೀಲಿ ತಾಡಪಾಲು ಹಿಡಿದುಕೊಂಡು ನಗುತ್ತಿದ್ದಳು.

ಗುಡ್ಡಮ್ಮ ಹೋದ ಮಾಘದಲ್ಲಿ ತೀರಿಕೊಂಡಳು. ಫೋಟೋ ಉಳಿಯಿತು.

ಅವಳ ಗಂಡ ಉಚ್ಚಂಗಪ್ಪನ ಹತ್ತಿರ ಅವಳ ಬೇರೆ ಫೋಟೋ ಇರಲಿಲ್ಲ ಅಂತಲ್ಲ. ಆಧಾರ್ ಕಾರ್ಡಿನಲ್ಲಿ ಒಂದಿತ್ತು. ಅದರಲ್ಲಿ ಠಾಣೆಗೆ ಕರೆಸಿ ಕೂರಿಸಿದವಳ ಹಾಗೆ ಇದ್ದಳು. ನಗುವುದು ಈ ಒಂದರಲ್ಲೇ. ಹಾಗಾಗಿ ಅವನು ದಿನಾ ಬೆಳಿಗ್ಗೆ ದನಕ್ಕೆ ಹುಲ್ಲು ಹಾಕಿ, ಊರಿನ ಸೇವಾ ಕೇಂದ್ರಕ್ಕೆ ಹೋಗಿ, ಅದನ್ನು ನಡೆಸುವ ಮೈತ್ರಿಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಪುಟ ತೆರೆಯಲು ಒಂಬತ್ತು ಸೆಕೆಂಡು. ಫೋಟೋ ಮೇಲಿನಿಂದ ಮೆಲ್ಲಗೆ ಇಳಿಯುತ್ತಿತ್ತು. ಮೊದಲು ತಲೆಯ ಮೇಲಿನ ಸೆರಗು, ಆಮೇಲೆ ಹಣೆ, ಕಣ್ಣು, ಹಲ್ಲು. ಹನ್ನೊಂದು ನಿಮಿಷ ನೋಡುತ್ತಿದ್ದ. ಎದ್ದು ಹೋಗುತ್ತಿದ್ದ.

"ದೊಡ್ಡಪ್ಪ, ಇದನ್ನ ತೆಕ್ಕೊಡಾಕೆ ಬರಲ್ಲ," ಎಂದು ಮೈತ್ರಿ ಮೊದಲೇ ಹೇಳಿದ್ದಳು. ಕಾಪಿ ಮಾಡಿದರೆ ಮುಖದ ಮೇಲೆ 'ಅನಧಿಕೃತ' ಎಂಬ ಕೆಂಪಕ್ಷರ ಮೂಡುತ್ತಿತ್ತು. ಆ ಜಾಲತಾಣದಲ್ಲಿ ತಪ್ಪದೆ ಕೆಲಸ ಮಾಡುತ್ತಿದ್ದದ್ದು ಅದೊಂದೇ. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದು ನೋಡಿದಳು. ಟ್ಯೂಬ್‌ಲೈಟು ಬಂತು, ಗುಡ್ಡಮ್ಮ ಬರಲಿಲ್ಲ.

ಅತ್ತ ಶಿಕಾರಿಪುರದ ಕೋಶಕ್ಕೆ ಒಂದು ವರದಿ ಬಂತು. ಪ್ರಜೆಯೊಬ್ಬರು ಒಂದೇ ಪುಟದಲ್ಲಿ ದಿನಾ ಹನ್ನೊಂದು ನಿಮಿಷ ನಿಲ್ಲುತ್ತಿದ್ದಾರೆ. ಉಳಿದ ಪುಟಗಳಲ್ಲಿ ಯಾರೂ ನಾಲ್ಕು ಸೆಕೆಂಡು ನಿಂತವರಿಲ್ಲ. ಜನ ಇಷ್ಟು ಹೊತ್ತು ನಿಲ್ಲುವ ತಾಣ ಒಳ್ಳೆಯದೇ ಇರಬೇಕೆಂದು ಇಂಟರ್ನೆಟ್ಟಿನ ಹುಡುಕುವ ಯಂತ್ರವೂ ನಂಬಿತು. ತಾಡಪಾಲು ಎಂದು ಯಾರು ಹುಡುಕಿದರೂ ಕೋಶವನ್ನೇ ಮೊದಲು ತೋರಿಸತೊಡಗಿತು. ಕೋಶಕ್ಕೆ ಪ್ರಶಸ್ತಿ ಬಂತು. ಪ್ರಶಸ್ತಿಯ ಹಿಂದೆಯೇ ಸುತ್ತೋಲೆ ಬಂತು:

"ಬಳಕೆದಾರರಿಗೂ ಹುಡುಕುವ ಯಂತ್ರಕ್ಕೂ ಅನುಕೂಲವಾಗುವಂತೆ, ಯಾವ ಪುಟವೂ ತೆರೆಯಲು ಮೂರು ಸೆಕೆಂಡು ಮೀರತಕ್ಕದ್ದಲ್ಲ. ಭಾರವಾದ ಚಿತ್ರಗಳನ್ನು ಮೂಲಪ್ರತಿ ಸಹಿತ ಅಳಿಸತಕ್ಕದ್ದು. ಪ್ರಜೆಗೆ ಬೇಕಾದ್ದು ಮೂರು ಹೆಜ್ಜೆಯಲ್ಲಿ ಸಿಗತಕ್ಕದ್ದು. 'ಇಲ್ಲ' ಎಂದು ಹೇಳುವ ಪುಟ ಯಾವುದೂ ಇರತಕ್ಕದ್ದಲ್ಲ."

ಮೈತ್ರಿ ಓದಿ ಹೇಳಿದಳು. "ಸೋಮವಾರ ಅಳಿಸ್ತಾರಂತೆ, ದೊಡ್ಡಪ್ಪ."

ಉಚ್ಚಂಗಪ್ಪ "ಹೂಂ" ಅಂದ. ಮರುದಿನ ಬಸ್ಸು ಹತ್ತಿದ.

ಕೋಶಕ್ಕೆ ಮೊದಲು ಒಂದೇ ಬಾಗಿಲಿತ್ತು. ಮೂರು ಹೆಜ್ಜೆಯ ನಿಯಮ ಬಂದ ಮೇಲೆ ಬಡಗಿಯನ್ನು ಕರೆಸಿ ಹೆಜ್ಜೆಗೊಂದರಂತೆ ಇನ್ನೆರಡು ಕೂರಿಸಿದ್ದರು, ಒಂದರ ಹಿಂದೆ ಒಂದು. ಹುಡುಕುವವರಿಗೆ ಬೇಗ ಸಿಗಲೆಂದು ಬೋರ್ಡಿನಲ್ಲಿ 'ದೂರು ಪರಿಹಾರ ಶಿಕಾರಿಪುರ ದೂರು ಪರಿಹಾರ ಸೊರಬ ಉತ್ತಮ ದೂರು ಪರಿಹಾರ' ಎಂದು ಬರೆಸಿದ್ದರು. ಜಾಗ ಸಾಲದೆ ಉಳಿದದ್ದು ಗೋಡೆಯ ಮೇಲೆ ಮುಂದುವರಿದಿತ್ತು.

ಒಳಗೆ ಕೋಶದ ಅಧಿಕಾರಿ ಸಿದ್ಧಲಿಂಗೇಶ್ ಇದ್ದರು. ಫೋಟೋ ಹೊಡೆದ ದಿನ ಗುಡ್ಡಮ್ಮನಿಗೆ ತಾಡಪಾಲು ಕೊಟ್ಟವರು ಅವರೇ. ಒಳ್ಳೆಯ ಮನುಷ್ಯ.

"ಬರ್ರಿ ಯಜಮಾನ್ರೆ. ಶಿಕಾರಿಪುರ ಸೊರಬ ದೂರು ಪರಿಹಾರ. ಕೂತ್ಕೊಳ್ರಿ. ಉತ್ತಮ ದೂರು ಪರಿಹಾರ."

"ಫೋಟೋ ಬೇಕಿತ್ರಿ ಸಾಹೇಬ್ರೆ. ನನ್ನ ಹೆಂಡ್ತಿದು."

"ಕೊಡಾಣಂತೆ. ಫೋಟೋದಾಗಿರೋರು ಖುದ್ದು ಬಂದು ಹೆಬ್ಬೆಟ್ಟು ಒತ್ತಬೇಕು."

"ಅವಳು ಇಲ್ರಿ."

ಸಿದ್ಧಲಿಂಗೇಶ್ ಬಾಗಿಲುಗಳ ಕಡೆ ನೋಡಿ ದನಿ ತಗ್ಗಿಸಿದರು. "ಇಲ್ಲ ಅನ್ನಬ್ಯಾಡ್ರಿ. ಇಲ್ಲ ಅಂತ ಬರೆಯೋ ಹಂಗಿಲ್ಲ ಈಗ. 'ಸ್ಥಳಾಂತರಗೊಂಡಿದೆ' ಅಂತ ಬರ್ಕೊಂತೀನಿ. ಹೊಸ ವಿಳಾಸ ಹೇಳ್ರಿ."

ಉಚ್ಚಂಗಪ್ಪ ಯೋಚಿಸಿದ. ಬಹಳ ಹೊತ್ತು ಯೋಚಿಸಿದ.

"ಗೊತ್ತಿಲ್ರಿ."

"ಗೊತ್ತಾದ ಮೇಲೆ ತಿಳಿಸ್ರಿ. ಫೋಟೋ ಅಲ್ಲಿಗೇ ಕಳಿಸ್ತೀವಿ."

"ಸೋಮವಾರ ಅಳಿಸ್ತೀರಂತಲ್ರಿ."

"ಅಳಿಸ್ಲೇಬೇಕು. ಬಾಳ ಭಾರ ಐತೆ."

"ಅವಳೇನು ಭಾರ ಇರಲಿಲ್ರಿ," ಅಂದ ಉಚ್ಚಂಗಪ್ಪ. "ಕೊನೇಗಂತೂ."

ಸಿದ್ಧಲಿಂಗೇಶ್ ಕಡತ ತೆಗೆದರು. ದಾರಿ ಒಂದಿತ್ತು. ಕಣ್ಣು ಕಾಣದವರಿಗೆಂದು ಪ್ರತಿ ಚಿತ್ರದ ಹಿಂದೆ ಒಂದು ವಿವರಣೆ ಬರೆದಿಡಬೇಕು. ಚಿತ್ರ ಬಾರದೆ ಹೋದರೆ ಆ ಜಾಗದಲ್ಲಿ ವಿವರಣೆ ಕಾಣುತ್ತದೆ. ಅಕ್ಷರಕ್ಕೆ ಭಾರವಿಲ್ಲ. ಗುಡ್ಡಮ್ಮನ ಹಿಂದೆ ಈಗ ಬರೀ 'ಚಿತ್ರ ೪೭' ಎಂದಿತ್ತು.

"ನೀವೇ ಹೇಳ್ರಿ, ಬರೀತೀನಿ. ಇದ್ದದ್ದು ಇದ್ದಂಗೆ ಇರಬೇಕು. ನಿಯಮ."

ಉಚ್ಚಂಗಪ್ಪ ಓದಿದ್ದು ಮೂರನೇ ಕ್ಲಾಸು. ಮಾತು ಕಮ್ಮಿ. ಊಟದ ಹೊತ್ತು ದಾಟಿತು. ಅವನು ಒಂದೊಂದೇ ಹೇಳಿದ, ಸಿದ್ಧಲಿಂಗೇಶ್ ಒಂದೊಂದೇ ಅಕ್ಷರ ಒತ್ತಿದರು.

"ಗುಡ್ಡಮ್ಮ. ಎಡಗಡೆ ಒಂದು ಹಲ್ಲಿಲ್ಲ."

"ಇಲ್ಲ ಬ್ಯಾಡ್ರಿ."

"ಮತ್ತೆ ಹೆಂಗ್ ಹೇಳ್ಲಿ?"

"ಹಲ್ಲು ಸ್ಥಳಾಂತರಗೊಂಡಿದೆ. ಮುಂದೆ?"

"ಫೋಟೋ ಹೊಡೆದ ಕೂಡ್ಲೆ ಸಾಹೇಬ್ರು ತಾಡಪಾಲು ವಾಪಸ್ ಇಸ್ಕೊಂತಾರಂತ ಅವಳಿಗೆ ಗೊತ್ತು. ಅದಕ್ಕೇ ನಗ್ತಾಳೆ."

ಸಿದ್ಧಲಿಂಗೇಶರ ಬೆರಳು ನಿಂತಿತು. ವಾಪಸ್ ಇಸಿದುಕೊಂಡದ್ದು ನಿಜ. ಎರಡು ತಾಲ್ಲೂಕಿಗೂ ಇದ್ದದ್ದು ಒಂದೇ ತಾಡಪಾಲು. ಮರುದಿನ ಕ್ಯಾಸನೂರಿನಲ್ಲಿ ಫೋಟೋ ತೆಗೆಯುವುದಿತ್ತು. ನಿಯಮವನ್ನು ಇನ್ನೊಮ್ಮೆ ಓದಿದರು. ಇದ್ದದ್ದು ಇದ್ದಂತೆ ಎಂದೇ ಇತ್ತು. ಒತ್ತಿದರು. ಕೊನೆಗೆ ತಾವಾಗಿ 'ಸಂತೃಪ್ತಿ' ಎಂದು ಒಂದು ಪದ ಸೇರಿಸಿದರು. ಉಚ್ಚಂಗಪ್ಪ ಬೇಡ ಅನ್ನಲಿಲ್ಲ.

ಸೋಮವಾರ ಗುಡ್ಡಮ್ಮನನ್ನು ಮೂಲಪ್ರತಿ ಸಹಿತ ಅಳಿಸಲಾಯಿತು. ಪುಟ ಅರ್ಧ ಸೆಕೆಂಡಿನಲ್ಲಿ ತೆರೆಯತೊಡಗಿತು.

ಎರಡು ತಾಲ್ಲೂಕಿನಲ್ಲಿ ತಾಡಪಾಲು ಎಂದು ಹುಡುಕಿದವರಿಗೆಲ್ಲ ಮೊದಲು ಈ ವಿವರಣೆಯೇ ಸಿಕ್ಕಿತು. ಯಾರೂ ಗಲಾಟೆ ಮಾಡಲಿಲ್ಲ. ಪದ್ಧತಿ ಏನೆಂದು ಕೋಶ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಬರೆದಿರಲಿಲ್ಲ ಎಂದು ಜನ ಮೆಚ್ಚಿಕೊಂಡರು. ಸೊರಬದಲ್ಲಿ ಹೂವಮ್ಮ ಎಂಬಾಕೆ ಫೋಟೋ ಆದ ಕೂಡಲೇ ಯಾರೂ ಕೇಳುವ ಮೊದಲೇ ತಾಡಪಾಲನ್ನು ನಾಲ್ಕು ಮಡಿಕೆ ಮಾಡಿ ಸಿದ್ಧಲಿಂಗೇಶರ ಕೈಗಿಟ್ಟಳು. "ತಗೊಳ್ಳಿ ಸಾಹೇಬ್ರೆ. ಮುಂದಿನ ಊರಿಗೆ ತಡ ಆಗತ್ತೆ ನಿಮ್ಗೆ." ಇದನ್ನು ಪ್ರಜಾ ಜಾಗೃತಿ ಎಂದು ದಾಖಲಿಸಲಾಯಿತು.

ಉಚ್ಚಂಗಪ್ಪ ಈಗಲೂ ದಿನಾ ಸೇವಾ ಕೇಂದ್ರಕ್ಕೆ ಬರುತ್ತಾನೆ. ಪರದೆಯ ಮೇಲೆ ಖಾಲಿ ಚೌಕ, ಅದರೊಳಗೆ ನಾಲ್ಕು ಸಾಲು. ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಾನೆ. 'ಅದಕ್ಕೇ ನಗ್ತಾಳೆ' ಎಂಬಲ್ಲಿ ಬೆರಳು ನಿಲ್ಲುತ್ತದೆ. ಹನ್ನೊಂದು ನಿಮಿಷ. ಚಿತ್ರ ತೆಗೆದ ಮೇಲೂ ಪ್ರಜೆಯ ಸಂತೃಪ್ತಿ ಒಂದು ಸೆಕೆಂಡೂ ಕಡಿಮೆಯಾಗಿಲ್ಲ, ಆದ್ದರಿಂದ ಚಿತ್ರದ ಅಗತ್ಯವೇ ಇರಲಿಲ್ಲ ಎಂದು ಕೋಶ ವರದಿ ಕಳಿಸಿದೆ.

ತಿಂಗಳಿಗೊಮ್ಮೆ ಸಿದ್ಧಲಿಂಗೇಶ್ ಫೋನು ಮಾಡುತ್ತಾರೆ. ಕಡತ ಮುಗಿಸಬೇಕಲ್ಲ.

"ಯಜಮಾನ್ರೆ, ಹೊಸ ವಿಳಾಸ ಸಿಕ್ತಾ?"

"ಇನ್ನೂ ಇಲ್ರಿ."

"ಇಲ್ಲ ಅನ್ನಬ್ಯಾಡ್ರಿ."

"ಹುಡುಕ್ತಾ ಇದೀನ್ರಿ," ಅನ್ನುತ್ತಾನೆ ಉಚ್ಚಂಗಪ್ಪ.

ಅವರು ಹಾಗೇ ಬರೆದುಕೊಳ್ಳುತ್ತಾರೆ.