ಎರಡು ಸೀಟಿನ ಕಾರೂ ಒಂದು ಗಳತಿಯೂ

ಅರವತ್ತು ದಾಟಿದ ಗಂಡಸು ಏನು ಮಾಡಿದರೂ ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ಉದ್ಯಾನದಲ್ಲಿ ಗುಂಪುಗೂಡಿ ಗಹಗಹಿಸಬಹುದು, ಹಾರ್ಮೋನಿಯಂ ಕಲಿಯುತ್ತೇನೆಂದು ಇಡೀ ಓಣಿಯ ನಿದ್ದೆ ಕೆಡಿಸಬಹುದು, ಕಾಲೊನಿಯ ಚುನಾವಣೆಗೆ ನಿಂತು ಸೋಲಲೂಬಹುದು. ಆದರೆ ಎರಡೇ ಸೀಟಿನ, ಮಾಡು ಮಡಚುವ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡರೆ ಮಾತ್ರ ಸಹಿಸುವುದಿಲ್ಲ. ಎದುರಿಗೆ ಸಿಕ್ಕವರು ಮೊದಲು ಕಾರನ್ನು ನೋಡುತ್ತಾರೆ, ಆಮೇಲೆ ನನ್ನ ತಲೆಯ ಬಿಳಿ ಕೂದಲನ್ನು ನೋಡುತ್ತಾರೆ, ಕೊನೆಗೆ ನನ್ನ ಹೆಂಡತಿಯ ಕಡೆ ತಿರುಗಿ ಅನುಕಂಪದಿಂದ "ಯಜಮಾನರ ಆರೋಗ್ಯ ಹೇಗಿದೆ?" ಎಂದು ಕೇಳುತ್ತಾರೆ. ಕೇಳಲಿ. ನಾನು ಆ ಕಾರು ಕೊಂಡಿದ್ದೇನೆ, ಕ್ಷಮೆ ಕೇಳುವ ಉದ್ದೇಶ ಖಂಡಿತ ಇಲ್ಲ.

ನಾನು ಗದಗ ಕಡೆಯವನು. ಮೂವತ್ತು ವರ್ಷಕ್ಕೂ ಮೇಲೆ ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞನಾಗಿ ಬೋಲ್ಟು ಬಿಗಿದವನು. ವಿಮಾನದ ಬೋಲ್ಟು ಬಿಗಿದರೆ ಸಾಲದು, ಅದು ಅಲುಗಾಟಕ್ಕೆ ಸಡಿಲವಾಗದಂತೆ ಅದರ ತಲೆಗೆ ಸಣ್ಣ ತಂತಿ ಪೋಣಿಸಿ, ಹೊಸೆದು, ಪಕ್ಕದ ಬೋಲ್ಟಿಗೆ ಕಟ್ಟಬೇಕು. ಆ ತಂತಿಯ ಹೊಸೆತದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಳ್ಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ. ನಿವೃತ್ತನಾದ ಮೇಲೆ ನಾಸಿಕದಲ್ಲಿ ಮನೆ ಮಾಡಿದೆವು. ಕೈಗೆ ಕೆಲಸವಿಲ್ಲ. ಒಂದು ವಾರದಲ್ಲಿ ಮನೆಯ ನಲ್ಲಿ, ಕಿಟಕಿ, ಕುಕ್ಕರಿನ ಹಿಡಿಕೆಯನ್ನೆಲ್ಲ ಬಿಗಿದು ಮುಗಿಸಿದೆ. ಕುಕ್ಕರಿನ ಹಿಡಿಕೆಗೂ ತಂತಿ ಕಟ್ಟಿದ ದಿನ ಹೆಂಡತಿ ಗಿರಿಜಾ, "ನೀವು ಮನಿ ಹೊರಗ ಏನರ ನೋಡ್ಕೋರಿ" ಎಂದಳು. ನೋಡಿಕೊಂಡೆ. ಪುಣೆಯ ವೈದ್ಯರೊಬ್ಬರ ಗ್ಯಾರೇಜಿನಲ್ಲಿ ಧೂಳು ಹೊದ್ದು ಈ ಕಾರು ಮಲಗಿತ್ತು. ಅವಳು ಹೇಳಿದ್ದು ತೋಟಗಾರಿಕೆಯ ಬಗ್ಗೆ ಎಂದು ಆಮೇಲೆ ತಿಳಿಯಿತು.

ಈ ಕಾರಿಗೆ ಕೆಲವು ಪ್ರಸಿದ್ಧ ರೋಗಗಳಿವೆ. ಪ್ರಸಿದ್ಧ ಎಂದರೆ, ಜಗತ್ತಿನಲ್ಲಿ ಈ ಕಾರು ಇರುವ ಎಲ್ಲರಿಗೂ ಇರುವಂಥವು. ಇದರ ದೀಪಗಳು ಬಾನೆಟ್ಟಿನೊಳಗೆ ಅಡಗಿ ಕೂತಿರುತ್ತವೆ, ಗುಂಡಿ ಒತ್ತಿದರೆ ಮೇಲೇಳುತ್ತವೆ. ಬಲಗಡೆಯದು ಶಿಸ್ತಿನಿಂದ ಏಳುತ್ತದೆ, ಎಡಗಡೆಯದು ಮನಸ್ಸು ಬಂದರೆ. ಒಮ್ಮೆ ಸಂಜೆ ಸರ್ಕಲ್ಲಿನಲ್ಲಿ ನಿಂತಿದ್ದ ಮಹಿಳಾ ಪೊಲೀಸರೊಬ್ಬರಿಗೆ ನನ್ನ ಕಾರು ಕಣ್ಣು ಹೊಡೆದಂತಾಗಿ, ಅವರು ಸೀಟಿ ಊದಿ ನಿಲ್ಲಿಸಿದರು. ನಾನು ಇಳಿದು ಬಾನೆಟ್ಟಿಗೆ ಒಂದು ಗುದ್ದು ಕೊಟ್ಟ ಮೇಲೆ ಎಡಗಣ್ಣೂ ತೆರೆಯಿತು, ಬಿಟ್ಟರು. ಕಿಟಕಿಯ ಗಾಜನ್ನು ಎತ್ತುವ ಪ್ಲಾಸ್ಟಿಕ್ ತುಂಡು ಮುರಿದು ಗಾಜು ಬಾಗಿಲೊಳಗೆ ಬಿದ್ದುಹೋಗುವುದು ಇನ್ನೊಂದು ರೋಗ. ಮಡಚುವ ಮಾಡಿನ ನೀರು ಹರಿದುಹೋಗಲು ಎರಡು ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ಎಲೆ ಸಿಕ್ಕಿಕೊಂಡರೆ ಮಳೆನೀರೆಲ್ಲ ಸೀಟಿನ ಅಡಿಗೆ ಬಂದು ಸ್ಪಂಜಿನಲ್ಲಿ ಶಾಂತವಾಗಿ ಕಾಯುತ್ತದೆ. ಬಿಳಿ ಪ್ಯಾಂಟು ಹಾಕಿಕೊಂಡು ಒಂದು ಆರತಕ್ಷತೆಗೆ ಹೊರಟ ದಿನ ನನಗೆ ಈ ವಿಷಯ ತಿಳಿದಿರಲಿಲ್ಲ. ಅಲ್ಲಿ ಊಟಕ್ಕೂ ಏಳದೆ, ಫೋಟೋಗೂ ಏಳದೆ, ಕುರ್ಚಿಯಲ್ಲೇ ಕೂತು ವಧೂವರರನ್ನು ದೂರದಿಂದ ಆಶೀರ್ವದಿಸಿದೆ.

ಇವೆಲ್ಲವನ್ನೂ ಗಿರಿಜಾ ಸಹಿಸಿದಳು. ಸಹಿಸದೆ ಹೋದದ್ದು ಎಣ್ಣೆಯ ಸೋರಿಕೆಯನ್ನು. ಎಂಜಿನ್ನಿನ ಹಿಂಭಾಗದಿಂದ, ಗೇರುಪೆಟ್ಟಿಗೆ ಸೇರುವ ಜಾಗದಿಂದ, ತೊಟ್ಟು ತೊಟ್ಟಾಗಿ ಎಣ್ಣೆ ಅಂಗಳಕ್ಕೆ ಬೀಳುತ್ತಿತ್ತು. ಅವಳು ರಂಗೋಲಿ ಹಾಕುವ ಅಂಗಳಕ್ಕೆ. ಕಾರ್ಖಾನೆಯ ಟೌನ್‌ಶಿಪ್ಪಿನ ಶಾಲೆಯಲ್ಲಿ ಬಹುಕಾಲ ಗಣಿತ ಕಲಿಸಿದವಳು, ಚುಕ್ಕಿ ಎಣಿಸಿಯೇ ಇಡುತ್ತಾಳೆ. ಅವಳು ಹದಿನೈದು ಇಟ್ಟರೆ ನನ್ನ ಕಾರು ಹದಿನಾರನೆಯದನ್ನು ಇಡುತ್ತಿತ್ತು. ಸಾಲದ್ದಕ್ಕೆ, ಹೋದ ವರ್ಷದಿಂದ ರಾಣೆಬೆನ್ನೂರಿನ ಅತ್ತೆ ಗೌರವ್ವನವರೂ ನಮ್ಮ ಜೊತೆಗೇ ಇದ್ದಾರೆ. "ಮನ್ಯಾಗ ಮೂರ ಮಂದಿ, ಕಾರಿನಾಗ ಎರಡ ಸೀಟು. ಈ ಲೆಕ್ಕ ನನಗ ಬಿಡಿಸಿ ತೋರಸ್ರಿ" ಎಂದು ಗಿರಿಜಾ ಸವಾಲು ಹಾಕಿದಳು. ನಾನು ಬಾನೆಟ್ಟು ಒರೆಸಲು ಹೋದೆ.

ಅದೇ ಹೊತ್ತಿಗೆ ದಿಂಡೋರಿಯ ದ್ರಾಕ್ಷಿತೋಟದ ಮಾಲೀಕರೊಬ್ಬರು ಕಾರನ್ನು ಕೇಳಿಕೊಂಡು ಬಂದರು. ಬಹಳ ಸಭ್ಯರು. ಓಡಿಸಲು ಅಲ್ಲವಂತೆ. ತಮ್ಮ ವೈನ್ ತಯಾರಿಸುವ ಜಾಗದ ಬಾಗಿಲಲ್ಲಿ ನಿಲ್ಲಿಸಿ, ಎಂಜಿನ್ ತೆಗೆದು, ಬಾನೆಟ್ಟಿನೊಳಗೆ ಮಣ್ಣು ತುಂಬಿ ಹೂವಿನ ಗಿಡ ನೆಡುತ್ತಾರಂತೆ. ಬಂದವರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು. ನನ್ನ ಕೈ ತಾಗಿದ ಎಂಜಿನ್ನನ್ನು ಗುಜರಿಗೆ ಹಾಕಿ ಅದರ ಜಾಗದಲ್ಲಿ ಚೆಂಡುಹೂವೇ? ನಾನು ಸತ್ತರೂ ಕೊಡುವುದಿಲ್ಲ ಎಂದೆ. ಗಿರಿಜಾ ಮಾತ್ರ ಶಾಂತವಾಗಿ ಒಂದು ಕರಾರು ಹಾಕಿದಳು. ಮುಂದಿನ ಭಾನುವಾರ ಅವರು ಮತ್ತೆ ಬರುತ್ತಾರೆ. ಅಂದು ಬೆಳಿಗ್ಗೆ ತಾನು ಹಾಕಿದ ರಂಗೋಲಿಯ ಮೇಲೆ ಕಾರು ನಿಲ್ಲಬೇಕು, ಅಡಿಯಲ್ಲಿ ತಟ್ಟೆ ಇಡುವಂತಿಲ್ಲ, ಅವರು ಬರುವ ತನಕ ಒಂದು ಹನಿಯೂ ಬೀಳಬಾರದು. ಬಿದ್ದರೆ ಕಾರು ದಿಂಡೋರಿಗೆ. ನಾನು ಎದೆ ತಟ್ಟಿ ಒಪ್ಪಿದೆ.

ಎದೆ ತಟ್ಟಲು ಕಾರಣ ಜಾಧವ. ಛತ್ರಪತಿ ಸಂಭಾಜಿನಗರದ ಚಿಕಲಠಾಣಾ ಕೈಗಾರಿಕಾ ಪ್ರದೇಶದಲ್ಲಿ ಅವನದೊಂದು ಸಣ್ಣ ಲೇಥ್ ಶೆಡ್ಡು. ಎಲ್ಲಿಯೂ ಸಿಗದ ಬಿಡಿಭಾಗವನ್ನು ಅವನು ಲೇಥಿನ ಮೇಲೆ ಕೈಯಾರೆ ಕಡೆದು ಕೊಡುತ್ತಾನೆ. ನನ್ನ ಕಿಟಕಿಯ ಪ್ಲಾಸ್ಟಿಕ್ ತುಂಡು ಈಗ ಹಿತ್ತಾಳೆಯದು, ನಾನು ಹೋದ ಮೇಲೂ ಇರುತ್ತದೆ. ಸೋರುವುದು ಎಂಜಿನ್ನಿನ ಹಿಂಭಾಗದಲ್ಲಿ ಎಣ್ಣೆ ತಡೆಯುವ ಸೀಲು ಎಂದು ನಾನೇ ರೋಗ ನಿರ್ಣಯ ಮಾಡಿ, ಸೋಮವಾರ ಕಾರನ್ನು ಅವನಲ್ಲಿಗೆ ಒಯ್ದೆ. ಗೇರುಪೆಟ್ಟಿಗೆ ಇಳಿಸದೆ ಆ ಸೀಲು ಕೈಗೆ ಸಿಗುವುದಿಲ್ಲ. "ಸಾಹೇಬ, ಮೊದಲು ಮೇಲಿನಿಂದ ನೋಡೋಣ" ಎಂದು ಅವನು ಮರಾಠಿಯಲ್ಲಿ ಅಂದ. "ವಿಮಾನ ನೋಡಿದವನಿಗೆ ನೀನು ಹೇಳಬೇಡ" ಎಂದು ನಾನು ಕನ್ನಡದಲ್ಲಿ ಗೊಣಗಿ, ಸೀಲು ಬದಲಿಸಲು ಹೇಳಿ ಬಸ್ಸಿನಲ್ಲಿ ಮನೆಗೆ ಬಂದೆ.

ಗುರುವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಜಾಧವನ ಫೋನು ಬಂತು. ಎತ್ತಿದವರು ಅತ್ತೆ. ಅವರಿಗೆ ಮರಾಠಿ ಬಾರದು. ಟೀವಿಯ ದಯೆಯಿಂದ ನಾಲ್ಕು ಹಿಂದಿ ಶಬ್ದ ಗೊತ್ತು. ಜಾಧವ ಹಿಂದಿ ಬೆರೆಸಿದ ಮರಾಠಿಯಲ್ಲಿ ಹೇಳಿದ್ದಿಷ್ಟು: "ಸಾಹೇಬಾಂನಾ ಸಾಂಗಾ, ಪುರಾನೀ ಗಳತೀ ಪುನ್ಹಾ ಸುರೂ ಝಾಲೀ. ಲವಕರ ಯಾ." ಮರಾಠಿಯಲ್ಲಿ ಗಳತಿ ಎಂದರೆ ಸೋರಿಕೆ. ಹಳೆಯ ಸೋರಿಕೆ ಮತ್ತೆ ಶುರುವಾಗಿದೆ, ಬೇಗ ಬನ್ನಿ ಎಂದು ಅವನು ಹೇಳಿದ. ಅತ್ತೆಯ ಕನ್ನಡದ ಕಿವಿಗೆ ಅದು ಬೇರೆಯೇ ಕೇಳಿಸಿತು.

ನಾನು ತಲೆ ಒರೆಸುತ್ತ ಹೊರಗೆ ಬಂದರೆ ಅತ್ತೆ ನಡುಮನೆಯಲ್ಲಿ ನೆಟ್ಟಗೆ ನಿಂತಿದ್ದರು.

"ಸಂಭಾಜಿನಗರದಿಂದ ಫೋನ್ ಬಂದಿತ್ರಿ. ನಿಮ್ಮ ಹಳೀ ಗೆಳತಿ ಮತ್ತ ಸುರು ಆಗೇತಂತ."

ಅತ್ತೆ ಮರಾಠಿ ಶಬ್ದವನ್ನು ಸ್ವಲ್ಪ ತಿರುಚಿ ಹೇಳುತ್ತಿದ್ದಾರೆ ಎಂದುಕೊಂಡೆ. "ಅಯ್ಯೋ, ಮತ್ತ ಸುರು ಆತೇನ್ರಿ? ನಿಂತಿತ್ತು ಅಂತ ತಿಳದಿದ್ನಲ್ರೀ ನಾನು!"

"ಎಷ್ಟ ದಿನದ್ದಿದು?"

"ಕಾರು ತಂದಾಗಿಂದ ಐತ್ರಿ. ಅದರ ಸಲುವಾಗೇ ತಿಂಗಳಿಗೊಮ್ಮೆ ಅಲ್ಲಿಗೆ ಓಡಾಡೀನಿ."

"ಗಿರಿಜಾಗ ಗೊತ್ತೈತೇನು?"

"ಗೊತ್ತಿಲ್ದ ಏನ್ರಿ? ಅಂಗಳದಾಗ ಕಣ್ಣಾರೆ ನೋಡ್ಯಾಳ. ಮೊದ್ಲು ಮೊದ್ಲು ಆಕಿನೇ ಒರಸತಿದ್ಳು, ಈಗ ಬ್ಯಾಸತ್ತಾಳ."

ಅತ್ತೆ ಸೋಫಾದ ಮೇಲೆ ಕುಸಿದು ಕೂತರು. "ಅಂಗಳಕ್ಕೂ ಬಂದಿದ್ಳೇನು!" ಎಂದಾಗಲೇ ನನಗೆ ವಿಷಯ ಹೊಳೆದದ್ದು. ವಿವರಿಸಲು ಹೋದೆ. ಗಳತಿ ಬೇರೆ, ಗೆಳತಿ ಬೇರೆ ಎಂದು ನಾನು ನಾಲ್ಕು ಸಲ ಹೇಳುವಷ್ಟರಲ್ಲಿ ಎರಡೂ ಒಂದೇ ಎಂದು ನನಗೇ ಅನ್ನಿಸತೊಡಗಿತು. ಅಡುಗೆಮನೆಯ ಬಾಗಿಲಲ್ಲಿ ಗಿರಿಜಾ ನಿಂತಿದ್ದಳು. ಮರಾಠಿಯಲ್ಲಿ ಪಾಠ ಹೇಳಿದವಳು, ಒಂದು ಮಾತಿನಲ್ಲಿ ನನ್ನನ್ನು ಬಿಡಿಸಬಹುದಿತ್ತು. ಆದರೆ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನೀನ ಹೋಗಿ ನೋಡ್ಕೊಂಡ ಬಾ ಅವ್ವಾ" ಎಂದು ಒಳಗೆ ಹೋದಳು. ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡನನ್ನು ಹೀಗೆ ನಡುನೀರಿನಲ್ಲಿ ಕೈಬಿಟ್ಟದ್ದಕ್ಕೆ ನನಗೆ ಇನ್ನೂ ಕೋಪವಿದೆ.

ಶುಕ್ರವಾರ ಬೆಳಿಗ್ಗೆ ನಾನು ಮತ್ತು ಅತ್ತೆ ಬಸ್ ಹತ್ತಿದೆವು. ನಿಫಾಡ ದಾಟಿತು, ಯೇವಲಾ ದಾಟಿತು, ವೈಜಾಪುರವೂ ದಾಟಿತು, ಅತ್ತೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾನು ಕೊಟ್ಟ ಚಿಕ್ಕುವನ್ನೂ ತಿನ್ನಲಿಲ್ಲ. ಜಾಧವನ ಶೆಡ್ಡಿನ ಮುಂದೆ ಇಳಿದಾಗ ಅವರು ಸೆರಗು ಬಿಗಿದು ಒಳಗೆಲ್ಲ ಕಣ್ಣಾಡಿಸಿದರು. ಲೇಥು, ಎಣ್ಣೆ ಡಬ್ಬಿ, ಗೋಡೆಯ ಮೇಲೆ ವಿಠ್ಠಲನ ಪಟ, ನಡುವೆ ಬಾಯಿ ತೆರೆದ ನನ್ನ ಕಾರು. "ಎಲ್ಲಿದಾಳ?" ಎಂದರು. ನಾನು ಕಾರಿನ ಅಡಿ ತೋರಿಸಿದೆ. ಅವರು ಬಗ್ಗಿ ನೋಡುವುದಕ್ಕೂ ಒಂದು ಹನಿ ಟಪ್ಪೆಂದು ಬೀಳುವುದಕ್ಕೂ ಸರಿಹೋಯಿತು. ಜಾಧವ ಬೆರಳು ತೋರಿಸಿ, "ಹೀ ಬಘಾ ಗಳತೀ, ಆಜೀ" ಎಂದ. ಅತ್ತೆ ಹನಿಯನ್ನು ನೋಡಿದರು, ಜಾಧವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೊಸ ಸೀಲು ಹಾಕಿದರೂ ಯಾಕೆ ಸೋರುತ್ತಿದೆ ಎಂದು ನಾನು ಜಾಧವನನ್ನು ಗದರಿದೆ. ಅವನು ಎಂಜಿನ್ನಿನ ಮೇಲೆ ಟಾರ್ಚು ಬಿಟ್ಟ. ಹಿಂಭಾಗದ ಹೊಸ ಸೀಲು ಒಣಗಿ ಸ್ವಚ್ಛವಾಗಿತ್ತು. ಹಳೆಯದೂ ಸ್ವಚ್ಛವಾಗಿಯೇ ಇತ್ತಂತೆ. ಎಣ್ಣೆ ಬರುತ್ತಿದ್ದುದು ಮೇಲಿನ ಮುಚ್ಚಳದಿಂದ. ಯಾರೋ ಮುಚ್ಚಳದ ಬೋಲ್ಟುಗಳನ್ನು ವಿಪರೀತ ಬಿಗಿದು, ಕೆಳಗಿನ ರಬ್ಬರು ಕತ್ತರಿಸಿಹೋಗಿ, ಎಣ್ಣೆ ಎಂಜಿನ್ನಿನ ಬೆನ್ನಗುಂಟ ಇಳಿದು ಹಿಂದಿನಿಂದ ತೊಟ್ಟಿಕ್ಕುತ್ತಿತ್ತು. "ಯಾರೋ" ಎಂದು ಜಾಧವ ಮರ್ಯಾದೆಗೆ ಹೇಳಿದ. ಪ್ರತಿ ಬೋಲ್ಟಿನ ತಲೆಗೂ ಸಣ್ಣ ತಂತಿ ಪೋಣಿಸಿ, ಅಂದವಾಗಿ ಹೊಸೆದು, ಪಕ್ಕದ ಬೋಲ್ಟಿಗೆ ಕಟ್ಟಲಾಗಿತ್ತು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಈ ತಂತಿ ನಮ್ಮ ಕುಕ್ಕರಿಗೂ ಐತೆಲ್ರಿ?"

ನಾನು ವಿಠ್ಠಲನ ಪಟ ನೋಡುತ್ತ ನಿಂತೆ.

ಜಾಧವ ಹೊಸ ರಬ್ಬರು ಹಾಕಿ, ಬೋಲ್ಟುಗಳನ್ನು ಎರಡು ಬೆರಳಿನಲ್ಲಿ ಹಗುರವಾಗಿ ಬಿಗಿದ. ಒಳಗೆ ಅಲ್ಲಲ್ಲಿ ಉಳಿದ ಎಣ್ಣೆ ನಾಲ್ಕಾರು ದಿನ ಒಂದೊಂದು ಹನಿ ಬೀಳಬಹುದು, ಹೆದರಬೇಡಿ ಎಂದ. ಹೆದರದೆ ಏನು ಮಾಡಲಿ, ನಡುವೆ ಇದ್ದದ್ದು ಶನಿವಾರ ಒಂದೇ. ಮರಳಿ ಬರುವಾಗ ಮಾಡು ಮಡಚಿದೆ. ಅತ್ತೆ ಮೊದಲು ಸೆರಗು ಹಿಡಿದುಕೊಂಡರು, ವೈಜಾಪುರ ದಾಟಿದ ಮೇಲೆ ಬಿಟ್ಟರು. ಒಂದು ಟ್ರಕ್ಕನ್ನು ಹಿಂದಿಕ್ಕಿದಾಗ, "ಇನ್ನೊಂದ ಬಾಕಿ ಐತಿ ನೋಡ್ರಿ, ಅದನ್ನೂ ಹಿಂದ ಹಾಕ್ರಿ" ಎಂದರು. ಎಪ್ಪತ್ತೆಂಟು ವರ್ಷದ ಅವರು ಹಾಗೆ ಹುಡುಗಿಯಂತೆ ಖುಷಿಪಟ್ಟದ್ದನ್ನು ನಾನು ಕಂಡಿರಲೇ ಇಲ್ಲ. ನನಗೆ ಬಹಳ ಸಂತೋಷವಾಯಿತು, ಕಾರಿನ ಮೇಲೆ ಇದ್ದ ಪ್ರೀತಿ ಇಮ್ಮಡಿಯಾಯಿತು. ಇದನ್ನು ಹೂವಿನ ಕುಂಡ ಮಾಡಲು ಯಾರಪ್ಪನಿಂದಲೂ ಸಾಧ್ಯವಿಲ್ಲ ಎಂದುಕೊಂಡೆ.

ಭಾನುವಾರ ಗಿರಿಜಾ ರಂಗೋಲಿ ಹಾಕಿದಳು. ಬೇಕೆಂತಲೇ ದೊಡ್ಡದು. ಅದರ ಮೇಲೆ ಕಾರು ನಿಂತಿತು. ಒಂಬತ್ತಾಯಿತು, ಹತ್ತಾಯಿತು, ಅಡಿಯಲ್ಲಿ ಬರೀ ಬಿಳಿ. ಹನ್ನೊಂದಕ್ಕೆ ದಿಂಡೋರಿಯವರು ಬಂದು ಗೇಟು ತೆಗೆದರು. ಆಗ, ಸರಿಯಾಗಿ ಆಗ, ಮುಂದಿನ ಬಂಪರಿನ ಅಂಚಿನಲ್ಲಿ ಒಂದು ಹನಿ ಬಿತ್ತು. ನಾನು ನೋಡಿದೆ. ಪಕ್ಕದಲ್ಲಿ ನಿಂತಿದ್ದ ಅತ್ತೆಯೂ ನೋಡಿದರು. ಅವರು ನಿಧಾನವಾಗಿ ಒಂದು ಹೆಜ್ಜೆ ಸರಿದು, ಆ ಹನಿಯ ಮೇಲೆ ತಮ್ಮ ಬಲಗಾಲಿಟ್ಟರು. ಗಿರಿಜಾ ಬಗ್ಗಿ ಇಣುಕಿ ನೋಡಿದಳು, ಅವ್ವನ ಕಾಲನ್ನೂ ನೋಡಿದಳು. "ಅವ್ವಾ, ಒಳಗ ಬಾ, ಬಿಸಲೈತಿ" ಎಂದಳು. "ನಾ ಇಲ್ಲೇ ಆರಾಮ ಅದೀನಿ" ಎಂದರು ಅತ್ತೆ. ದಿಂಡೋರಿಯವರು ಚಹಾ ಕುಡಿದರು, ಹವಾಮಾನ ಮಾತಾಡಿದರು, ಕಾರು ಕೇಳಿದರು. "ಇದು ಮಾರೂದಲ್ರಿ" ಎಂದು ಅತ್ತೆ ಬಂದವರಿಗೆ ತಿಳಿಯದ ಕನ್ನಡದಲ್ಲಿ ಖಡಾಖಂಡಿತವಾಗಿ ಹೇಳಿದರು. ಅವರ ದನಿಗೇ ಆ ಸಭ್ಯರು ಕೈಮುಗಿದು ಹೊರಟರು. ಅಷ್ಟು ಹೊತ್ತೂ ಅತ್ತೆ ಕಾಲು ಕದಲಿಸಲಿಲ್ಲ.

ಹೀಗೆ ನಾನು ಗೆದ್ದೆ. ಗೆಲುವು ಒಂದು ವಾರ ನನ್ನ ಬಳಿ ಇತ್ತು. ಮುಂದಿನ ಶನಿವಾರ ಅತ್ತೆಗೆ ಮತ್ತೆ ಗಾಳಿ ಕುಡಿಯುವ ಮನಸ್ಸಾಯಿತು, ನನಗೆ ಸೊಂಟನೋವು. ಗಿರಿಜಾ ಕೀಲಿ ತೆಗೆದುಕೊಂಡಳು. ಅವಳಿಗೆ ಡ್ರೈವಿಂಗ್ ಚೆನ್ನಾಗಿ ಬರುತ್ತದೆ ಎಂಬುದನ್ನು ನಾನು ಮರೆತಿದ್ದೆ. ಅಂದಿನಿಂದ ತಾಯಿ ಮಗಳು ಪ್ರತಿ ಶನಿವಾರ ಮಾಡು ಮಡಚಿ ಹೊರಡುತ್ತಾರೆ. ಮೂರು ಮಂದಿ, ಎರಡು ಸೀಟಿನ ಲೆಕ್ಕವನ್ನು ಅವಳು ಕೊನೆಗೂ ಬಿಡಿಸಿದ್ದಾಳೆ; ನಾನು ಶೇಷ. ಬೇರೆ ದಿನವಾದರೂ ಎಂಜಿನ್ ಸ್ವಲ್ಪ ನೋಡುತ್ತೇನೆಂದರೆ, "ಸ್ಪ್ಯಾನರ್ ಮುಟ್ಟಬ್ಯಾಡ್ರಿ, ಮತ್ತ ಬಿಗೀತೀರಿ" ಎನ್ನುತ್ತಾರೆ ಇಬ್ಬರೂ.

ಆದರೂ ಯಾರು ಏನೇ ಅನ್ನಲಿ, ನಾನು ಕಾರು ಮಾರಲಿಲ್ಲ. ಕೇಳಿದವರಿಗೆಲ್ಲ ಈಗಲೂ ಎದೆಯುಬ್ಬಿಸಿ ಹೇಳುತ್ತೇನೆ. ಒಂದು ಸಲ ಹತ್ತಿ ನೋಡಬಹುದೇ ಎಂದು ಕೇಳಿದರೆ ಮಾತ್ರ ದನಿ ಸ್ವಲ್ಪ ತಗ್ಗಿಸಿ, ಅತ್ತೆಯವರನ್ನು ಕೇಳಿ ಹೇಳುತ್ತೇನೆ ಎನ್ನುತ್ತೇನೆ.