ಬೊಮ್ಮಯ್ಯ ಮಾವನ ಬ್ಯಾಕ್‌ಗ್ಯಾಮನ್

ಎರಡು ದಿನ ಇದ್ದು ಹೋಗುತ್ತೇನೆಂದು ಬಂದವರು ಹಿತ್ತಿಲಲ್ಲಿ ಬದನೆ ಸಸಿ ನೆಟ್ಟಿದ್ದರು.

ಭಾನುವಾರ ಬೆಳಿಗ್ಗೆ ಬಟ್ಟೆ ಒಣಗಿಸಲು ಹೋದ ಸ್ವಾತಿ ಅದನ್ನು ನೋಡಿದಳು. ನೂಲು ಹಿಡಿದಂತೆ ನೇರವಾದ ಸಾಲು, ಬುಡಕ್ಕೆ ಗೊಬ್ಬರ, ಬಿಸಿಲಿಗೆ ಬಾಡದಂತೆ ಮೇಲೆ ಸೊಪ್ಪಿನ ನೆರಳು. ಬದನೆ ಕಾಯಿ ಬಿಡಲು ಎರಡು ತಿಂಗಳಾದರೂ ಬೇಕು. ಅವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಬಂದಳು, ಗಂಡನ ಮುಂದೆ ಕಾಫಿ ಇಟ್ಟಳು, ಏನೂ ಮಾತಾಡಲಿಲ್ಲ.

ಯೋಗೇಶ ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ಕಾಫಿಗೆ ಒಳ್ಳೆಯ ರೇಟು ಬಂದಿದ್ದ ತೊಂಬತ್ತೇಳನೇ ಇಸವಿಯಲ್ಲಿ, ಅದೇ ಧೈರ್ಯದ ಮೇಲೆ ಮದುವೆಯಾಗಿದ್ದ. ಆಗಿ ಮೂರು ತಿಂಗಳು. ಅಷ್ಟರಲ್ಲಿ ಹೆಂಡತಿಯ ಮೌನಗಳಲ್ಲಿ ಕೆಲವನ್ನು ಗುರುತು ಹಿಡಿಯಲು ಕಲಿತಿದ್ದ. ಉಪ್ಪು ಮುಗಿದಾಗಿನ ಮೌನ ಬೇರೆ, ತವರು ನೆನಪಾದಾಗಿನ ಮೌನ ಬೇರೆ. ಇದು ಎರಡೂ ಆಗಿರಲಿಲ್ಲ. ಒಲೆಯ ಮೇಲೆ ಖಾಲಿ ಪಾತ್ರೆ ಕಾಯುತ್ತಿರುವಂತಿತ್ತು.

"ಸಂಜೆ ಸಂಸೆ ಬಸ್ಸಿಗೆ ಅಮ್ಮನ ಮನೆಗೆ ಹೋಗ್ತೀನಿ," ಎಂದಳು ಕೊನೆಗೆ. "ಅಷ್ಟರೊಳಗೆ ನಿಮ್ಮ ಮಾವ ಹೊರಟ್ರೆ ನಾನು ಹೋಗಲ್ಲ."

ಮಾವ ಎಂದರೆ ಬೊಮ್ಮಯ್ಯ, ಯೋಗೇಶನ ತಾಯಿಯ ಅಣ್ಣ. ಪ್ಲಾಂಟರುಗಳ ಕ್ಲಬ್ಬೊಂದರಲ್ಲಿ ಬಿಲಿಯರ್ಡ್ಸ್ ಮೇಜು ಒರೆಸುತ್ತ, ಸಾಹೇಬರುಗಳಿಗೆ ಲೋಟ ತುಂಬುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ಮದುವೆಯಾಗಿರಲಿಲ್ಲ. ನಿವೃತ್ತಿಯಾಗಿ ಕ್ಲಬ್ಬಿನ ಕೋಣೆ ಬಿಟ್ಟಾಗ ಅವರ ಕೈಯಲ್ಲಿ ಉಳಿದದ್ದು ಒಂದು ಟ್ರಂಕು, ಮತ್ತು ಕ್ಲಬ್ಬಿನವರು ಪ್ರೀತಿಯಿಂದ ಕೊಟ್ಟ, ಪಗಡೆಯಂಥದೇ ಒಂದು ವಿಲಾಯಿತಿ ದಾಳದಾಟದ, ಹಳೆಯ ಬ್ಯಾಕ್‌ಗ್ಯಾಮನ್ ಪೆಟ್ಟಿಗೆ. ಅವೆರಡನ್ನೂ ಹಿಡಿದು ಸೋದರಳಿಯನ ಕ್ವಾರ್ಟರ್ಸಿಗೆ ಬಂದು ಒಂದು ತಿಂಗಳಾಗಿತ್ತು. ಕ್ವಾರ್ಟರ್ಸಿನಲ್ಲಿ ಅಡುಗೆಮನೆ ಬಿಟ್ಟರೆ ಒಂದು ಹಜಾರ, ಒಂದು ಕೋಣೆ, ಎರಡರ ನಡುವೆ ಬಾಗಿಲಿನ ಬದಲು ಒಂದು ಪರದೆ. ಪರದೆಯ ಈಚೆ ಮಲಗಿ ಬೊಮ್ಮಯ್ಯನವರು ಆಚೆಯಿದ್ದ ಹೊಸ ದಂಪತಿಗಳಿಗೆ ಕ್ಲಬ್ಬಿನ ಕತೆ ಹೇಳುತ್ತಿದ್ದರು. ನಡುನಡುವೆ "ಕೇಳ್ತಾ ಇದೀರಾ?" ಎಂದು ವಿಚಾರಿಸುತ್ತಿದ್ದರು.

ತಾಯಿಯ ಅಣ್ಣನಿಗೆ ಹೊರಡಿ ಎನ್ನುವ ನಾಲಿಗೆ ಯೋಗೇಶನಿಗಿರಲಿಲ್ಲ. ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದು ನಿಂತ. ಅಲ್ಲಿ ಮೇಸ್ತ್ರಿ ದಾಸಯ್ಯ ಸಿಕ್ಕ. ಎಸ್ಟೇಟಿನ ಆಳುಗಳ ಸಂಸಾರಗಳನ್ನೆಲ್ಲ ಸರಿಮಾಡುವುದು ತನ್ನ ಕೆಲಸದ ಒಂದು ಭಾಗ ಎಂದು ನಂಬಿದ್ದವನು ಅವನು. ವಿಷಯ ಕೇಳಿ ಬೀಡಿಯ ಬೂದಿ ಕೊಡವಿದ.

"ಬಾಯಲ್ಲಿ ಹೇಳಕ್ಕಾಗದ್ದನ್ನ ಬೋರ್ಡಲ್ಲಿ ಹೇಳಿ ರೈಟ್ರೇ. ಅವ್ರ ಆಟದಲ್ಲೇ ಅವ್ರನ್ನ ಸೋಲ್ಸಿ. ಸೋತ ಮನೇಲಿ ಯಾವ ಗಂಡ್ಸು ಊಟಕ್ಕೆ ಕೂರ್ತಾನೆ?"

ಸಲಹೆ ಚೆನ್ನಾಗಿತ್ತು. ಆದರೆ ಒಂದು ತಿಂಗಳಿಂದ ಪ್ರತಿ ಸಂಜೆ ಯೋಗೇಶ ಸೋಲುತ್ತಲೇ ಬಂದಿದ್ದ. ದಾಳ ಹಾಕುವುದು, ಬಿದ್ದಷ್ಟು ಕಾಯಿ ನಡೆಸುವುದು, ಎಲ್ಲವನ್ನೂ ಸುತ್ತು ಬರಿಸಿ ತನ್ನ ಒಳಮನೆಗೆ ಸೇರಿಸಿ ಹೊರಗೆ ತೆಗೆಯುವುದು, ಒಂಟಿಯಾಗಿ ಸಿಕ್ಕ ಎದುರಾಳಿಯ ಕಾಯಿಯನ್ನು ಹೊಡೆಯುವುದು. ಇಷ್ಟರ ಆಚೆಗೆ ಅವನಿಗೇನೂ ಗೊತ್ತಿರಲಿಲ್ಲ. ಆಚೆಗಿನದನ್ನು ಬಲ್ಲವರು ಬಣಕಲ್ಲಿನಿಂದ ಕೊಟ್ಟಿಗೆಹಾರದ ತನಕ ಹುಡುಕಿದರೂ ಒಬ್ಬರೇ ಸಿಗುತ್ತಿದ್ದರು. ಅವರು ಆಗ ಹಿತ್ತಿಲಲ್ಲಿ ಬದನೆಗೆ ನೀರು ಹಾಕುತ್ತಿದ್ದರು.

ಹಾಗಾಗಿ ಯೋಗೇಶ ಮಾವನನ್ನು ಓಡಿಸುವ ವಿದ್ಯೆಯನ್ನು ಮಾವನ ಹತ್ತಿರವೇ ಕಲಿಯಲು ಕೂತ.

ಬೊಮ್ಮಯ್ಯನವರ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷದಲ್ಲಿ ತಮ್ಮನ್ನು ಯಾರೂ ಏನನ್ನೂ ಕಲಿಸಿ ಎಂದು ಕೇಳಿರಲಿಲ್ಲವಂತೆ. ಕೈ ತೊಳೆದು ಬಂದು ಹಜಾರದಲ್ಲಿ ಪೆಟ್ಟಿಗೆ ಬಿಚ್ಚಿದರು.

"ಓಡೋದು ಮಕ್ಕಳಾಟ ಮಾರಾಯ. ನೀನು ಯಾವಾಗ್ಲೂ ಓಡ್ತೀಯ, ಅದಕ್ಕೇ ಸಾಯ್ತೀಯ. ಎದುರಾಳಿಯ ಒಳಮನೇಲಿ ಒಂದು ಜಾಗ ಹಿಡಿ. ಎರಡು ಕಾಯಿ ಜೋಡಿಯಾಗಿ ಕೂತ್ರೆ ಯಾರಿಗೂ ಎಬ್ಬಿಸಕ್ಕಾಗಲ್ಲ. ಅವ್ನು ಗೊಣಗ್ಲಿ, ಮುಖ ಊದಿಸ್ಲಿ, ನೀನು ಅಲ್ಲಾಡಬೇಡ. ಅವಸರ ಅವ್ನಿಗೆ, ನಿನಗಲ್ಲ. ಕಡೆಗೆ ಬೇರೆ ದಾರಿ ಇಲ್ದೆ ಅವ್ನೇ ತನ್ನ ಮನೆ ಒಡ್ಕೋತಾನೆ."

ಅಡುಗೆಮನೆಯಲ್ಲಿ ಒಂದು ತಟ್ಟೆ ಬಿತ್ತು. ಅದು ತಾನಾಗಿ ಬಿದ್ದ ಸದ್ದಾಗಿರಲಿಲ್ಲ.

ಆಮೇಲೆ ಅವರು ದೊಡ್ಡ ದಾಳವನ್ನು ತೋರಿಸಿದರು. ಅದನ್ನು ಉರುಳಿಸುವುದಿಲ್ಲ. ಅದರ ಮುಖಗಳ ಮೇಲೆ ಎರಡು, ನಾಲ್ಕು, ಎಂಟು ಎಂದು ಪಂಥ ಇಮ್ಮಡಿಯಾಗುತ್ತ ಹೋಗುತ್ತದೆ. ಗೆಲ್ಲುತ್ತೇನೆ ಅನ್ನಿಸಿದವನು ಅದನ್ನು ತಿರುಗಿಸಿ ಎದುರಾಳಿಯ ಮುಂದಿಡಬೇಕು. ಎದುರಾಳಿ ಒಪ್ಪಬೇಕು, ಇಲ್ಲ ಅಲ್ಲೇ ಸೋಲಬೇಕು. ಒಪ್ಪಿದರೆ ಮುಂದೆ ಅದನ್ನು ತಿರುಗಿಸುವ ಹಕ್ಕು ಅವನದು. ಎದುರಿಗಿದ್ದವನು ಹೆದರಿರಬೇಕು, ಆದರೆ ಎದ್ದು ಹೋಗುವಷ್ಟು ಹೆದರಿರಬಾರದು, ತಿರುಗಿಸುವ ಗಳಿಗೆ ಅದೇ ಎಂದರು ಬೊಮ್ಮಯ್ಯ. ಯೋಗೇಶನಿಗೆ ಒಂದು ತಿಂಗಳಿಂದ ತಾನಿದ್ದ ಸ್ಥಿತಿಯನ್ನು ಯಾರೋ ಬಿಡಿಸಿ ಹೇಳಿದಂತಾಯಿತು.

"ಹಾಗಾದ್ರೆ ಪಂಥ ಕಟ್ಟಿ ಒಂದಾಟ ಆಡೋಣ ಮಾವ," ಎಂದ.

ಬೊಮ್ಮಯ್ಯ ದುಡ್ಡಿಗೆ ಆಡುವವರಲ್ಲ. ದುಡ್ಡಿಗೆ ಆಡಿ ಎಸ್ಟೇಟು ಕಳೆದುಕೊಂಡವರಿಗೆ ಕೊನೆಯ ಲೋಟ ತಂದುಕೊಟ್ಟ ಕೈ ಅದು. ಸ್ವಲ್ಪ ಯೋಚಿಸಿ ಅವರೇ ಪಂಥ ಹೇಳಿದರು.

"ಸೋತವ್ರು ಗೆದ್ದವ್ರಿಗೆ ಒಂದು ವಾರ ಆತಿಥ್ಯ ಮಾಡಬೇಕು. ಕ್ಲಬ್ಬಲ್ಲಿ ನಡೀತಿದ್ದ ಹಾಗೆ, ಒಂದು ಲೋಟ ಕಡಿಮೆ ಆಗಬಾರದು."

ದಾಸಯ್ಯ ಯೋಗೇಶನ ರಟ್ಟೆ ಹಿಡಿದು ಹಲಸಿನ ಮರದ ಬುಡಕ್ಕೆ ಎಳೆದುಕೊಂಡು ಹೋಗಿ ಲೆಕ್ಕ ಬಿಡಿಸಿದ. ನೀವು ಸೋತರೆ ಅವರು ಇರುತ್ತಾರೆ, ಆಡದಿದ್ದರೂ ಇರುತ್ತಾರೆ. ಅವರು ಸೋತರೆ ನಿಮಗೆ ಆತಿಥ್ಯ ಮಾಡಬೇಕು. ಮಾಡಲು ಅವರಿಗೆ ಮನೆಯೇ ಇಲ್ಲ. ನಾಚಿಕೆಯಿಂದ ಟ್ರಂಕು ಎತ್ತುತ್ತಾರೆ. ನೀವು ದೊಡ್ಡ ಮನಸ್ಸು ಮಾಡಿ ಬಾಕಿ ಬಿಟ್ಟೆ ಅಂದುಬಿಡಿ. ಇಷ್ಟು ಚೊಕ್ಕ ಪಂಥವನ್ನು ತಾನು ಈವರೆಗೆ ನೋಡಿಲ್ಲ ಎಂದ. ಒಳಗೆ ಸ್ವಾತಿ ಬ್ಯಾಗಿಗೆ ಸೀರೆಗಳನ್ನು ತುಂಬಿ, ಜಿಪ್ಪು ಮಾತ್ರ ಎಳೆಯದೆ ಬಿಟ್ಟಿದ್ದಳು.

ಊಟವಾದ ಮೇಲೆ ಆಟ ಶುರುವಾಯಿತು. ಪಕ್ಕದ ಕ್ವಾರ್ಟರ್ಸಿನ ಸಾವಿತ್ರಮ್ಮ ಪಗಡೆಯಾಟ ಎಂದು ಕೇಳಿ ಬಂದು ಯೋಗೇಶನ ಬೆನ್ನ ಹಿಂದೆ ಕೂತರು. ತಮ್ಮ ತವರಿನಲ್ಲಿ ಆಡುತ್ತಿದ್ದ ಚೌಕಾಬಾರದ ಕಟ್ಟಳೆಗಳನ್ನು ಇದಕ್ಕೂ ಹೊಂದಿಸಿ ಸಲಹೆ ಕೊಡತೊಡಗಿದರು. ಬಿಳಿ ಕಾಯಿಗಳಲ್ಲಿ ಒಂದು ಮೊದಲಿನಿಂದಲೂ ಇರಲಿಲ್ಲ. ಯಾರೋ ಸಾಹೇಬರು ಅಮಲಿನಲ್ಲಿ ಜೇಬಿಗೆ ಹಾಕಿಕೊಂಡು ಹೋಗಿದ್ದರಂತೆ. ಅದರ ಬದಲಿಗೆ ಇಡುತ್ತಿದ್ದ ಸೋಡಾ ಮುಚ್ಚಳವೂ ಅವತ್ತು ಸಿಗದೆ, ಬೊಮ್ಮಯ್ಯ ಡಬ್ಬಿಯಿಂದ ಒಂದು ಪುಟ್ಟ ನಿಪ್ಪಟ್ಟು ತಂದು ಇಟ್ಟರು. ಬಿಳಿ ಯೋಗೇಶನದು.

ಬೊಮ್ಮಯ್ಯನವರ ದಾಳಗಳು ಅವರು ಹೇಳಿದಂತೆ ಕೇಳುವ ನಾಯಿಗಳ ಹಾಗಿದ್ದವು. ಪ್ರತಿ ಸಲ ದಾಳದ ಡಬ್ಬಿ ಕುಲುಕಿ, ಹಾಕುವ ಮೊದಲು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆ ಸುಮ್ಮನಿರುವಿಕೆಯಲ್ಲಿ ಯೋಗೇಶನಿಗೆ ಸಂಸೆ ಬಸ್ಸಿನ ಹಾರ್ನು ಕೇಳಿಸುತ್ತಿತ್ತು. ಹತ್ತು ನಡೆಯೊಳಗೆ ಅವರು ದೊಡ್ಡ ದಾಳ ತಿರುಗಿಸಿ ಎರಡು ಮಾಡಿದರು. ಯೋಗೇಶ ಒಪ್ಪಿದ. ಕಲಿತದ್ದನ್ನು ನೆನೆದು, ತನ್ನ ಎರಡು ಕಾಯಿಗಳನ್ನು ಮಾವನ ಒಳಮನೆಯಲ್ಲಿ ಜೋಡಿಯಾಗಿ ಕೂರಿಸಿ, ಅಲ್ಲಾಡಿಸದೆ ಬಿಟ್ಟ.

ಆಗ ಕರುಮ್ ಎಂದು ಸದ್ದಾಯಿತು.

ಎಲ್ಲರೂ ತಿರುಗಿ ನೋಡಿದರು. ಆಟದ ಕಾವಿನಲ್ಲಿ ಸಾವಿತ್ರಮ್ಮ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡಿದ್ದರು. "ಸ್ವಲ್ಪ ಉಪ್ಪು ಕಡಿಮೆ," ಎಂದ ಮೇಲೆ ಅವರಿಗೆ ಗೊತ್ತಾಯಿತು.

ದೊಡ್ಡ ಚರ್ಚೆ ನಡೆಯಿತು. ಕಾಯಿ ಹೊರಗೆ ಹೋದದ್ದರಿಂದ ಅದು ಮನೆ ಸೇರಿ ಹೊರಬಿದ್ದಂತೆಯೇ ಲೆಕ್ಕ ಎಂದ ದಾಸಯ್ಯ. ಬೊಮ್ಮಯ್ಯ ಕಣ್ಣು ಮುಚ್ಚಿ ಕ್ಲಬ್ಬಿನ ಅಷ್ಟೂ ವರ್ಷಗಳನ್ನು ಹುಡುಕಿ ಬಂದರು. ದಾರಿಯಲ್ಲಿ ಹೋಗುತ್ತಿದ್ದ ಕಾಯಿ ಬೋರ್ಡು ಬಿಟ್ಟರೆ ಅದು ಹೊಡೆಸಿಕೊಂಡ ಕಾಯಿ; ಹೊಡೆದವರು ಯಾರು, ಹಲ್ಲಿನಿಂದಲೋ ದಾಳದಿಂದಲೋ ಎಂದು ನಿಯಮ ಕೇಳುವುದಿಲ್ಲ ಎಂದು ತೀರ್ಪು ಕೊಟ್ಟರು. ಹೊಸ ನಿಪ್ಪಟ್ಟು ಬಂತು. ಹೊಡೆಸಿಕೊಂಡ ಕಾಯಿ ಎದುರಾಳಿಯ ಒಳಮನೆಯಿಂದಲೇ ಮತ್ತೆ ಪ್ರಯಾಣ ಶುರು ಮಾಡಬೇಕು. ಹೀಗೆ ಮಾವನ ಮನೆಯಲ್ಲಿ ಯೋಗೇಶನ ಮೂರನೆಯ ಕಾಯಿಯೂ ಬಂದು ಕೂತಿತು.

ಈ ಅನ್ಯಾಯವನ್ನು ದಾಸಯ್ಯನಿಗೆ ತಡೆಯಲಾಗಲಿಲ್ಲ. ರೈಟರಿಗೆ ಧೈರ್ಯ ತುಂಬಬೇಕೆಂದು ಅವನ ಪರವಾಗಿ ತಾನೇ ಕೈ ಚಾಚಿ ದೊಡ್ಡ ದಾಳವನ್ನು ನಾಲ್ಕಕ್ಕೆ ತಿರುಗಿಸಿ ಇಟ್ಟುಬಿಟ್ಟ. ಮುಟ್ಟಿದ ಮೇಲೆ ಮುಗಿಯಿತು ಎಂದರು ಬೊಮ್ಮಯ್ಯ. ಸಂತೋಷದಿಂದ ಒಪ್ಪಿದರು. ತಮ್ಮ ಸರದಿ ಬಂದ ಕೂಡಲೇ ಅದನ್ನು ಎಂಟಕ್ಕೆ ತಿರುಗಿಸಿ ಸೋದರಳಿಯನ ಮುಂದಿಟ್ಟು, ಕೈ ಕಟ್ಟಿ ಕೂತರು.

ಒಪ್ಪದಿದ್ದರೆ ನಾಲ್ಕು ವಾರ. ಒಪ್ಪಿ ಸೋತರೆ ಎಂಟು. ಯೋಗೇಶ ಒಳಕೋಣೆಯ ಕಡೆ ನೋಡಿದ. ಪರದೆಯ ಪಕ್ಕದಲ್ಲಿ ಸ್ವಾತಿ ನಿಂತಿದ್ದಳು.

"ಒಪ್ಕೊಳ್ಳಿ," ಎಂದಳು. "ನಾಲ್ಕಾದ್ರೂ ನಾನಿರಲ್ಲ, ಎಂಟಾದ್ರೂ ಇರಲ್ಲ."

ಅವನು ಒಪ್ಪಿಕೊಂಡ. ಯೋಗೇಶ ಜೀವಮಾನದಲ್ಲೇ ಅಷ್ಟು ಸುಮ್ಮನೆ ಕೂತಿರಲಿಲ್ಲ. ಮಾವನ ಮನೆಯಲ್ಲಿ ಅವನ ಮೂರು ಕಾಯಿಗಳು ಮದುವೆ ಮನೆಯಲ್ಲಿ ಊಟ ಮುಗಿದ ಮೇಲೂ ಏಳದವರ ಹಾಗೆ ಕೂತೇ ಇದ್ದವು. ಉಳಿದ ಕಾಯಿಗಳನ್ನು ಒಂದೊಂದಾಗಿ ತಂದು, ಎರಡೆರಡು ಜೋಡಿಸಿ, ತನ್ನ ಒಳಮನೆಯ ಆರು ಬಾಗಿಲನ್ನೂ ಮುಚ್ಚಿದ. ಬೊಮ್ಮಯ್ಯ ಕಾಯಿಗಳನ್ನು ಹೊರಗೆ ತೆಗೆಯತೊಡಗಿದ್ದರು. ಐದು ಆಗಲೇ ಹೊರಬಿದ್ದಿದ್ದವು. ಆರನೆಯದನ್ನು ತೆಗೆಯಲು ಹೋದಾಗ ದಾಳ ಕೈ ಕೊಟ್ಟಿತು. ಬೇರೆ ದಾರಿಯಿಲ್ಲದೆ ಒಂದು ಜೋಡಿಯನ್ನು ಒಡೆದರು. ಒಂದು ಕಾಯಿ ಬಯಲಲ್ಲಿ ಒಂಟಿಯಾಗಿ ನಿಂತಿತು.

ಯೋಗೇಶನಿಗೆ ಮೂರು ಬೇಕಿತ್ತು. ಮೂರು ಬಿತ್ತು.

ಹೊಡೆಸಿಕೊಂಡ ಆ ಒಂದು ಕಾಯಿ ಯೋಗೇಶನ ಮನೆಯ ಮುಚ್ಚಿದ ಬಾಗಿಲುಗಳ ಮುಂದೆ ಬೋರ್ಡಿನ ನಡುವೆ ಕೂತೇ ಉಳಿಯಿತು. ಸರದಿ ಬಂದಾಗಲೆಲ್ಲ ಬೊಮ್ಮಯ್ಯ ಅದನ್ನೊಮ್ಮೆ, ಸೋದರಳಿಯನನ್ನೊಮ್ಮೆ ನೋಡಿ, ದಾಳ ಹಾಕದೆ ಡಬ್ಬಿಯನ್ನು ಕೆಳಗಿಟ್ಟರು. ಅದು ಒಳಬಂದು ಸುತ್ತು ಮುಗಿಸುವಷ್ಟರಲ್ಲಿ ಯೋಗೇಶನ ಕೊನೆಯ ಕಾಯಿ ಹೊರಬಿದ್ದಿತ್ತು. ಅದು ನಿಪ್ಪಟ್ಟು. ಈ ಸಲ ಅವನೇ ತಿಂದ.

ಬೊಮ್ಮಯ್ಯ ಎದ್ದು ನಿಂತು ಅವನ ಕೈ ಕುಲುಕಿದರು. ಮೂಲೆಯಲ್ಲಿದ್ದ ಟ್ರಂಕನ್ನು ಎತ್ತಿಕೊಂಡರು. ಕೆಲಸವಾಯಿತೆಂದು ದಾಸಯ್ಯ ಬೀಡಿ ಹಚ್ಚಿಕೊಂಡು ಹೊರಗೆ ನಡೆದ. ಸಾವಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಾತಿಗೂ ಕೆಟ್ಟದೆನಿಸಿ, ದಾರಿಗೆ ಬೇಕಾಗುತ್ತದೆಂದು ಅವಲಕ್ಕಿ ಕಟ್ಟಲು ತಿರುಗಿದಳು.

ಬೊಮ್ಮಯ್ಯ ಟ್ರಂಕು ಹಿಡಿದು ಪರದೆ ಸರಿಸಿಕೊಂಡು ಒಳಕೋಣೆಗೆ ಹೋದರು.

ಹೊರಬಂದಾಗ ಅವರ ಮೈಮೇಲೆ ಕ್ಲಬ್ಬಿನ ಬಿಳಿ ಕೋಟಿತ್ತು, ಮುಂಗೈ ಮೇಲೆ ಮಡಿಸಿದ ಟವೆಲ್ಲಿತ್ತು. ಇನ್ನೊಂದು ಕೈಯಲ್ಲಿ ಯೋಗೇಶ ದಂಪತಿಗಳ ಹಾಸಿಗೆ ಸುರುಳಿಯಿತ್ತು. ಅದನ್ನು ಹಜಾರದ ಮೂಲೆಯಲ್ಲಿ ನಾಜೂಕಾಗಿ ಬಿಡಿಸಿ ಹಾಸಿದರು.

"ಎಂಟು ವಾರ," ಎಂದರು. "ಕೂತ್ಕೊಳ್ಳಿ."

ಬಾಕಿಯನ್ನು ತಾನು ಬಿಟ್ಟುಬಿಟ್ಟೆ ಎಂದು ಯೋಗೇಶ ಅಂಗಲಾಚಿದ. ಇಡೀ ಜೀವಮಾನ ಯಾರ ಪಂಥವನ್ನೂ ಬಾಕಿ ಇಟ್ಟುಕೊಂಡವನಲ್ಲ, ಈ ವಯಸ್ಸಿನಲ್ಲಿ ಆ ಅವಮಾನ ಬೇಡ ಎಂದರು ಬೊಮ್ಮಯ್ಯ.

"ಆದ್ರೆ ಮಾವ, ಆತಿಥ್ಯ ಮಾಡಕ್ಕೆ ನಿಮಗೆ ಮನೆ ಎಲ್ಲಿದೆ?"

"ಇಲ್ವಲ್ಲ ಮಾರಾಯ. ಅದಕ್ಕೇ ಇಲ್ಲೇ ಮಾಡ್ತಿರೋದು."

ಅವರು ಅಡುಗೆಮನೆಗೆ ಹೋದರು. ಅವಲಕ್ಕಿ ಡಬ್ಬಿ ಹಿಡಿದಿದ್ದ ಸ್ವಾತಿಯ ಕೈಯಿಂದ ಅದನ್ನು ವಿನಯದಿಂದ ತೆಗೆದುಕೊಂಡು, ಬಂದವರು ಒಲೆ ಮುಂದೆ ನಿಲ್ಲಬಾರದು, ಹಜಾರದಲ್ಲಿ ಆರಾಮಾಗಿರಿ, ಏನು ಬೇಕಾದರೂ ಸಂಕೋಚವಿಲ್ಲದೆ ಕೇಳಿ ಎಂದು ಕಳಿಸಿಕೊಟ್ಟರು. ಸ್ವಾತಿ ಹಜಾರದ ನಡುವೆ ನಿಂತು ಒಂದು ಗಳಿಗೆ ಗಂಡನನ್ನು ನೋಡಿದಳು. ಆ ನೋಟದ ಮೌನಕ್ಕೆ ಅರ್ಥ ಹುಡುಕುವ ಕಷ್ಟ ಯೋಗೇಶನಿಗೆ ಬೀಳಲಿಲ್ಲ. ಅವಳು ಬ್ಯಾಗಿನ ಜಿಪ್ಪು ಎಳೆದಳು.

"ನೆಂಟಳಾಗೇ ಇರೋದಾದ್ರೆ ಅಮ್ಮನ ಮನೇಲೇ ಇರ್ತೀನಿ."

ಯೋಗೇಶ ಚಪ್ಪಲಿ ಮೆಟ್ಟಿ ಅವಳ ಹಿಂದೆಯೇ ಓಡಿದ. ಬಾಗಿಲಲ್ಲಿ ಬೊಮ್ಮಯ್ಯ ಟ್ರೇ ಹಿಡಿದು ಅಡ್ಡ ನಿಂತಿದ್ದರು. ಕಾಫಿ ಕುಡಿಯದೆ ಹೋಗುವಂತಿಲ್ಲ ಎಂದರು. ಬಿಸಿ ಕಾಫಿ. ಅವನು ನಾಲಿಗೆ ಸುಟ್ಟುಕೊಂಡು ಮುಗಿಸುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಕತ್ತಲಾಗುವ ಹೊತ್ತಿಗೆ, ಬಸ್ಸಿನಲ್ಲಿ ಹೋದವರು ಬೊಮ್ಮಯ್ಯನವರೇ ಎಂದುಕೊಂಡು, ತನ್ನ ಲೆಕ್ಕಾಚಾರಕ್ಕೆ ಒಂದು ಮೆಚ್ಚುಗೆ ಮಾತು ಕೇಳಿಕೊಂಡು ಹೋಗೋಣವೆಂದು ದಾಸಯ್ಯ ಬಂದು ಬಾಗಿಲು ತಟ್ಟಿದ. ಬೊಮ್ಮಯ್ಯ ಬಾಗಿಲು ತೆರೆದು, ಸ್ವಲ್ಪ ಬಾಗಿ ನಿಂತರು.

"ರೈಟ್ರು ಇದಾರಾ?" ದಾಸಯ್ಯ ತಡವರಿಸಿದ.

"ಇದಾರೆ, ಬನ್ನಿ," ಎಂದರು ಬೊಮ್ಮಯ್ಯ. "ನಮ್ಮನೆಗೆ ಬಂದಿದಾರೆ. ಎರಡು ತಿಂಗಳು ಇರ್ತಾರಂತೆ." ಆಮೇಲೆ ಒಳಗಿನವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. "ಎಂತ ಮಾಡೋದು ಹೇಳಿ. ಹೋಗಿ ಅನ್ನಕ್ಕಾಗುತ್ತಾ?"